ಬಸ್ಸಿಗೆ ಬೆದರುತ್ತಿದ್ದ ಕುದುರೆ ಮತ್ತು ನನ್ನ ಮಾವ

ನನ್ನ ಮಾವ ಕುದುರೆ ಕೊಂಡು ತಂದ ದಿನ ನಮ್ಮ ಮನೆಯಲ್ಲಿ ಯಾರಿಗೂ ಖುಷಿಯಾಗಲಿಲ್ಲ. ಮಾವನ ಅಕ್ಕ, ಆ ಮನೆಯ ಒಲೆಯನ್ನು ಹದಿನೇಳು ವರ್ಷದಿಂದ ನೋಡಿಕೊಂಡಿದ್ದ ದೊಡ್ಡತ್ತೆ, ಹಿಟ್ಟಿನ ಕೋಲು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದರು. ಕುದುರೆಯನ್ನು ನೋಡಿದರು. ತಮ್ಮನ ಮುಖ ನೋಡಿದರು. ಒಳಗೆ ಹೋಗಿ ಕೋಲನ್ನು ಮೂಲೆಗೆ ಒರಗಿಸಿ ಕೂತುಬಿಟ್ಟರು. ಅವತ್ತು ಮುದ್ದೆಯನ್ನು ನಾನೇ ತೊಳಸಬೇಕಾಯಿತು. ಕುದುರೆ ತಂದರೆ ಇಷ್ಟೊಂದು ಸಿಟ್ಟು ಯಾಕೆ ಎಂದು ನನಗೆ ಹೊಳೆಯಲಿಲ್ಲ.

ಆಗ ನನಗೆ ಇಪ್ಪತ್ತು ವರ್ಷ. ಐವತ್ತರ ದಶಕದ ಕೊನೆ. ನಮ್ಮ ಊರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಅರ್ಧ ಮೈಲಿ ಒಳಗಿತ್ತು. ಸುತ್ತ ಹಿಪ್ಪುನೇರಳೆ ತೋಟ, ಮನೆ ಮನೆಯಲ್ಲಿ ರೇಷ್ಮೆ ಹುಳು. ನನ್ನ ತವರು ಗೌರಿಬಿದನೂರು, ರೈಲ್ವೆ ಸ್ಟೇಷನ್ ಎದುರಿನ ಬೀದಿ. ನನ್ನ ಗಂಡ ಅಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು; ಸಂಬಂಧ ಕೂಡಿಬಂದದ್ದೂ ಹಾಗೆಯೇ. ಆದರೆ ಮದುವೆಯಾದ ಮೇಲೆ ನಾನು ಇಲ್ಲಿ, ಅವರು ಅಲ್ಲಿ. ಮನೆಯಲ್ಲಿ ಹೆಂಗಸರು ಅಂತ ಇದ್ದವರು ದೊಡ್ಡತ್ತೆ ಒಬ್ಬರೇ. ನನ್ನ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಮಗ ಚಿಕ್ಕವರಿದ್ದಾಗಲೇ ಜ್ವರ ಬಂದು ತೀರಿಕೊಂಡಿದ್ದರು. ಹಾಗೆಂದು ನನಗೆ ಹೇಳಿದ್ದರು.

ಗಂಡ ಶನಿವಾರ ಸಂಜೆ ಬರುತ್ತಿದ್ದರು. ಚಿಕ್ಕಬಳ್ಳಾಪುರದಲ್ಲಿ ಸಣ್ಣ ರೈಲು ಹತ್ತಿ, ನಮ್ಮ ಕಡೆಯ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಮೂರು ಮೈಲಿ ಹೊಲದ ಬದುವಿನ ಮೇಲೆ ನಡೆದು ಬರುತ್ತಿದ್ದರು. ಬಸ್ಸು ಕ್ರಾಸಿನಲ್ಲೇ ನಿಲ್ಲುತ್ತದಲ್ಲ ಎಂದರೆ, ನಡೆಯುವುದು ಇಷ್ಟ ಎನ್ನುತ್ತಿದ್ದರು.

ಕುದುರೆ ಬರುವುದಕ್ಕೆ ಆರು ತಿಂಗಳ ಹಿಂದೆ ನನಗೆ ಏಳು ತಿಂಗಳು ತುಂಬಿದ್ದಾಗ ನೋವು ಕಾಣಿಸಿಕೊಂಡಿತ್ತು. ಎತ್ತಿನ ಗಾಡಿ ಕಟ್ಟಿ ಚಿಂತಾಮಣಿಯ ಆಸ್ಪತ್ರೆಗೆ ಹೊರಟರು. ಹತ್ತು ಮೈಲಿ. ಅರ್ಧ ದಾರಿಗೆ ಎಲ್ಲ ಮುಗಿದುಹೋಗಿತ್ತು. ಮನೆಗೆ ಬಂದ ಮೇಲೆ ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಕುದುರೆ ಯಾಕೆ ಅಂತ ಕೇಳಿದವರಿಗೆ ಮಾವ ಹೇಳುತ್ತಿದ್ದದ್ದು ರೇಷ್ಮೆ ಗೂಡಿನ ಕಾರಣ. ಗೂಡು ಬಿಡಿಸಿದ ಮೇಲೆ ಚಿಟ್ಟೆ ಹೊರಬರುವುದಕ್ಕೆ ಮುಂಚೆ ಶಿಡ್ಲಘಟ್ಟದ ಮಾರುಕಟ್ಟೆಗೆ ಮುಟ್ಟಿಸಬೇಕು, ಎತ್ತು ತಡ ಮಾಡುತ್ತವೆ ಎಂದು. ಮಾರಿದವರು ಚಿಂತಾಮಣಿಯ ಒಬ್ಬ ಮುದುಕ ಜಟಕಾ ಸಾಬರು. ಮೂರು ವರ್ಷದ ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ಬೆರಳಗಲ ಬಿಳಿ. ಹಿಂದೂಪುರದ ಕಡೆಯ ಹಳ್ಳಿಯಿಂದ ಬಂದದ್ದು, ಊರಿನ ಗದ್ದಲ ಅಷ್ಟಾಗಿ ನೋಡಿಲ್ಲ, ಹದಿನೈದು ದಿನ ರಸ್ತೆ ತೋರಿಸಿದರೆ ಸರಿಹೋಗುತ್ತದೆ ಎಂದು ಅವರು ಹೇಳಿ ಕಳಿಸಿದ್ದರಂತೆ.

ನನಗೆ ಕುದುರೆ ಹೊಸದಲ್ಲ. ನಮ್ಮ ತವರಿನ ಎದುರಿಗೇ ಜಟಕಾಗಳು ನಿಲ್ಲುತ್ತಿದ್ದವು. ರೈಲಿನ ಎಂಜಿನ್ನು ಹತ್ತು ಮಾರು ದೂರದಲ್ಲಿ ಉಗಿ ಬಿಟ್ಟರೂ ಆ ಕುದುರೆಗಳು ಕಿವಿ ಅಲ್ಲಾಡಿಸದೆ ಹುಲ್ಲು ತಿನ್ನುತ್ತಿದ್ದವು. ಅಮ್ಮ ತರಕಾರಿ ಸೋಸಿದ ಸೊಪ್ಪನ್ನು ಅವಕ್ಕೆ ಹಾಕಿ ಬರುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಈ ಕುದುರೆಗೆ ಹುರುಳಿ ಬೇಯಿಸಿ ಇಡುವುದು, ನೀರು ತೋರಿಸುವುದು ನನಗೇ ಬಂತು. ಒಂದು ವಾರದಲ್ಲಿ ನನ್ನ ಬಳೆ ಸದ್ದಿಗೆ ತಲೆ ಎತ್ತುವುದನ್ನು ಕಲಿತಿತು.

ಎಂಟನೇ ದಿನವೋ ಒಂಬತ್ತನೇ ದಿನವೋ ಮಾವ ಅದನ್ನು ಗಾಡಿಗೆ ಕಟ್ಟಿದರು. ಪಕ್ಕದೂರಿನಲ್ಲಿ ನಂಟರ ಮನೆಯ ನಾಮಕರಣವಿತ್ತು, ನನ್ನನ್ನು ಕರೆದುಕೊಂಡು ಹೋಗಬೇಕಿತ್ತು. ಹೊಲದ ಆಳು, ನಲವತ್ತು ದಾಟಿದ ಗಟ್ಟಿ ಮನುಷ್ಯ, ಕುದುರೆಯ ಮೂತಿ ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದ. ಮಾವ ಲಗಾಮು ಹಿಡಿದು ಕೂತಿದ್ದರು. ನಾನು ಹಿಂದೆ. ರಸ್ತೆಗೆ ಸೇರಿ ಒಂದು ಫರ್ಲಾಂಗು ಹೋಗಿರಲಿಲ್ಲ, ಹಿಂದಿನಿಂದ ಚಿಂತಾಮಣಿ ಬಸ್ಸು ಬಂತು. ಹಾರನ್ ಹೊಡೆಯಿತು. ಕುದುರೆ ಮುಂಗಾಲೆತ್ತಿ ನಿಂತಿತು. ಆಳು ಹಗ್ಗ ಬಿಟ್ಟು ಪಕ್ಕಕ್ಕೆ ಹಾರಿದ. ಆಮೇಲೆ ನನಗೆ ಕಂಡದ್ದು ಆಕಾಶ, ಹಿಪ್ಪುನೇರಳೆ ಗಿಡ, ಮಣ್ಣು. ಗಾಡಿ ಮಗ್ಗುಲಾಗಿ ಚರಂಡಿಯಲ್ಲಿ ಬಿದ್ದಿತ್ತು. ನಾನು ಗದ್ದೆಯ ಕೆಸರಿನಲ್ಲಿ ಕೂತಿದ್ದೆ. ಒಂದು ತರಚು ಗಾಯವೂ ಆಗಿರಲಿಲ್ಲ.

ಬಿದ್ದದ್ದಕ್ಕೆ ನಾನು ಅಷ್ಟು ಗಾಬರಿಯಾಗಲಿಲ್ಲ. ಗಾಬರಿಯಾದದ್ದು ಆಮೇಲೆ ನಡೆದದ್ದಕ್ಕೆ. ಮಾವ ಮಂಡಿ ಊರಿಕೊಂಡು ತೆವಳುತ್ತ ನನ್ನ ಹತ್ತಿರ ಬಂದರು. ಅವರ ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗಾಗಿತ್ತು, ಅದರ ಕಡೆ ಅವರು ನೋಡಲೂ ಇಲ್ಲ. ಎಡಗೈಯಲ್ಲಿ ನನ್ನ ತಲೆ ಹಿಡಿದು, ಸೆರಗು ಸರಿಸಿ, ಕೂದಲು ಬಿಡಿಸಿ ಬಿಡಿಸಿ ನೋಡತೊಡಗಿದರು. ಮದುವೆಯಾಗಿ ಎರಡು ವರ್ಷದಲ್ಲಿ ನನ್ನ ಮುಖ ನೋಡಿ ನೇರವಾಗಿ ನಾಲ್ಕು ಮಾತಾಡದ ಮನುಷ್ಯ.

“ತಲೆಗೆ ಬಿತ್ತೇನಮ್ಮ? ತಲೆಗೆ ಬಿತ್ತಾ? ಹೇಳು.”

ಏನೂ ಆಗಿಲ್ಲ ಮಾವ ಎಂದೆ. ಕೇಳಿಸಲೇ ಇಲ್ಲ ಅವರಿಗೆ. ಮತ್ತೆ ಮತ್ತೆ ನೆತ್ತಿ ಮುಟ್ಟಿ ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು. ರಕ್ತ ಹುಡುಕುತ್ತಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು.

ಮೂಳೆ ಕಟ್ಟುವವರು ಬಂದು ಬಿದಿರಿನ ದಬ್ಬೆ, ಮೊಟ್ಟೆಯ ಪಟ್ಟು ಹಾಕಿ ಕೈ ಕಟ್ಟಿದರು. ಆಳು ಇನ್ನು ಆ ಕುದುರೆಯ ಹತ್ತಿರ ಸುಳಿಯುವುದಿಲ್ಲ ಎಂದ. ಕುದುರೆ ಮಾರಿಬಿಡುತ್ತಾರೆ ಅಂದುಕೊಂಡೆ. ಮೂರನೇ ದಿನ ಮಾವ ಕುದುರೆ ಕಟ್ಟಿದ ಹಟ್ಟಿಯ ಬಾಗಿಲಲ್ಲಿ ನಿಂತು, ಕುದುರೆ ನಿನ್ನ ಮಾತು ಕೇಳುತ್ತೆ, ನೀನು ಅದನ್ನು ರಸ್ತೆಗೆ ಪಳಗಿಸಬೇಕು ಎಂದರು. ನಾನು ತಬ್ಬಿಬ್ಬಾದೆ. ಒಳಗಿನಿಂದ ದೊಡ್ಡತ್ತೆ ಬಂದರು.

“ಮನೆ ಸೊಸೇನ ರೋಡಿಗೆ ನಿಲ್ಲಿಸ್ತೀಯೇನೋ? ಒಂದು ಸಲ ಆಗಿದ್ದು ಸಾಲದಾ ನಿನಗೆ?”

ಒಂದು ಸಲ ಎಂದರೆ ಮೊನ್ನೆಯದು ಅಂದುಕೊಂಡೆ. ಮಾವ ತಲೆ ತಗ್ಗಿಸಿ ನಿಂತರು, ಆದರೆ ಮಾತು ಬದಲಿಸಲಿಲ್ಲ.

ಹೀಗೆ ನಾನು ರಸ್ತೆಗೆ ಹೋದೆ. ಮೊದಲ ವಾರ ರಸ್ತೆಯಿಂದ ನಲವತ್ತು ಹೆಜ್ಜೆ ದೂರದ ಹೊಂಗೆ ಮರಕ್ಕೆ ಕುದುರೆಯನ್ನು ಕಟ್ಟಿ, ಪಕ್ಕದಲ್ಲಿ ಕೂತು, ಹಾದುಹೋಗುವುದನ್ನೆಲ್ಲ ನೋಡಲು ಬಿಟ್ಟೆ. ಆ ಕಾಲಕ್ಕೆ ದಿನಕ್ಕೆ ನಾಲ್ಕೈದು ಬಸ್ಸು, ತರಕಾರಿ ತುಂಬಿದ ಲಾರಿ, ಕಲ್ಲು ಚಪ್ಪಡಿ ಹೇರಿದ ಲಾರಿ. ಬಸ್ಸಿನ ಸದ್ದು ಕೇಳಿದ ಕೂಡಲೇ ಹುರುಳಿಯ ಬುಟ್ಟಿ ಮುಂದಿಡುತ್ತಿದ್ದೆ. ಮೊದಲೆರಡು ದಿನ ಬುಟ್ಟಿಯನ್ನು ಒದ್ದು ಚೆಲ್ಲಿತು. ಮೂರನೇ ದಿನ ಬಾಯಲ್ಲಿ ಹುರುಳಿ ಇಟ್ಟುಕೊಂಡು ಅಗಿಯದೆ ನಿಂತು ನೋಡಿತು. ವಾರದ ಕೊನೆಗೆ ಅಗಿಯುತ್ತಲೇ ನೋಡಿತು. ಆಮೇಲೆ ಇಪ್ಪತ್ತು ಹೆಜ್ಜೆ. ಆಮೇಲೆ ರಸ್ತೆಯ ಅಂಚು. ನಾನು ಯಾವಾಗಲೂ ಅದಕ್ಕೂ ಬಸ್ಸಿಗೂ ನಡುವೆ ನಿಲ್ಲುತ್ತಿದ್ದೆ, ಅದರ ಕತ್ತಿನ ಮೇಲೆ ಕೈಯಿಟ್ಟು. ಹಗ್ಗ ಬಿಗಿ ಹಿಡಿದರೆ ಇನ್ನೂ ಹೆದರುತ್ತದೆ, ಸಡಿಲ ಬಿಟ್ಟರೆ ನನ್ನ ಕಡೆ ನೋಡುತ್ತದೆ ಎಂದು ತಾನಾಗಿ ಗೊತ್ತಾಯಿತು.

ಕ್ರಾಸಿನಲ್ಲಿ ನಿಲ್ಲುವ ಬೆಳಗಿನ ಬಸ್ಸಿನ ಡ್ರೈವರು ಆಂಧ್ರದ ಕಡೆಯವರು. ದಿನಾ ನೋಡುತ್ತಿದ್ದರಲ್ಲ, ಒಂದು ದಿನ ಎಂಜಿನ್ ಆರಿಸಿ ಕೆಳಗಿಳಿದರು. ಹತ್ತಿರ ತರುವಂತೆ ಕೈ ಮಾಡಿ, “ಏಂ ಕಾದು ಲೇಮ್ಮಾ, ಏನೂ ಆಗಲ್ಲ, ಮೂಸಿ ನೋಡ್ಲಿ ಬಿಡು” ಎಂದರು. ಕುದುರೆ ಕತ್ತು ಉದ್ದ ಮಾಡಿ ಬಿಸಿ ಬಾನೆಟ್ಟನ್ನು ಮೂಸಿತು, ಸೀನಿತು, ಮತ್ತೆ ಮೂಸಿತು. ಬಸ್ಸಿನ ಒಳಗಿದ್ದವರು ಕಿಟಕಿಯಿಂದ ತಲೆ ಹಾಕಿ ನಗುತ್ತಿದ್ದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆದರೆ ಒಳಗೊಳಗೆ ಹಿಗ್ಗಿದ್ದೆ.

ಮಾರನೇ ದಿನ ಗಾಡಿ ಕಟ್ಟಿದೆವು. ನಾನು ಮುಂದೆ ನಡೆದೆ. ಮಾವ ಎಡಗೈಯಲ್ಲಿ ಲಗಾಮು ಹಿಡಿದು ಕೂತರು. ಲಾರಿಯೊಂದು ಎದುರಿಗೆ ಬಂತು. ನಿನ್ನೆ ಬಸ್ಸನ್ನು ಮೂಸಿದ ಅದೇ ಕುದುರೆ ಹುಚ್ಚು ಹಿಡಿದಂತೆ ಹಿಂದಕ್ಕೆ ಜಗ್ಗಿ ಗಾಡಿಯನ್ನು ಬೇಲಿಗೆ ಗುದ್ದಿತು. ನನಗೆ ನಂಬಲಾಗಲಿಲ್ಲ. ಮಾರನೇ ದಿನವೂ ಹಾಗೆಯೇ. ಗಾಡಿ ಕಂಡರೆ ಭಯವೇನೋ ಎಂದು ಖಾಲಿ ಗಾಡಿಯನ್ನು ನಾನೊಬ್ಬಳೇ ನಡೆಸಿಕೊಂಡು ಹೋಗಿ ನೋಡಿದೆ. ಬಸ್ಸು ಪಕ್ಕದಲ್ಲೇ ಹೋಯಿತು, ಕುದುರೆ ಕಿವಿ ಹಿಂದಕ್ಕೆ ಮಾಡಿತು ಅಷ್ಟೆ.

ಮೂರನೇ ಸಲ ಮಾವ ಕೂತಾಗ ನಾನು ಹಿಂತಿರುಗಿ ನೋಡಿದೆ. ಮುಂದೆ ಕೆರೆ ಏರಿಯ ತಿರುವಿನಲ್ಲಿ ಒಂದು ಲಾರಿ ಕಾಣಿಸಿಕೊಂಡಿತ್ತು. ತೀರ ದೂರ. ಕುದುರೆಗೆ ಅದರ ಸದ್ದು ಇನ್ನೂ ಕೇಳಿರಲಿಲ್ಲ. ಮಾವನ ಮುಖ ಬೂದಿಯ ಬಣ್ಣವಾಗಿತ್ತು. ಕಣ್ಣು ಮುಚ್ಚಿದ್ದರು. ಹಣೆಯಿಂದ ಬೆವರು ಗಲ್ಲಕ್ಕೆ ಇಳಿಯುತ್ತಿತ್ತು. ಎಡಗೈ ಲಗಾಮನ್ನು ಎದೆಗೆ ಒತ್ತಿ ಹಿಡಿದು ಎಳೆಯುತ್ತಿತ್ತು. ಆ ಎಳೆತಕ್ಕೆ ಕುದುರೆಯ ಬಾಯಿ ತೆರೆದು ತಲೆ ಮೇಲೆ ಹೋಗಿತ್ತು.

ಇಡೀ ಊರೇ ಹೆದರುತ್ತಿದ್ದ ಮನುಷ್ಯ ಅವರು. ಹಟ್ಟಿಗೆ ನುಗ್ಗಿದ ನಾಗರನನ್ನು ಬರಿಯ ಕವೆಗೋಲಿನಲ್ಲಿ ಎತ್ತಿ ಹೊರಗೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೆ. ಅವರು ಲಾರಿಗೆ ಹೆದರುತ್ತಿದ್ದರು. ಕುದುರೆ ಹೆದರುತ್ತಿದ್ದದ್ದು ಅವರ ಕೈಗೆ.

ಹೇಗೆ ಧೈರ್ಯ ಬಂತೋ ಗೊತ್ತಿಲ್ಲ. “ಮಾವ, ಲಗಾಮು ನನ್ನ ಕೈಗೆ ಕೊಡಿ” ಎಂದೆ.

ಬೈಯುತ್ತಾರೆ ಅಂದುಕೊಂಡೆ. ಕೊಟ್ಟರು. ಜರುಗಿ ಹಿಂದೆ ಹೋಗಿ ಕೂತರು. ನಾನು ಹತ್ತಿ ಕೂತು ಲಗಾಮನ್ನು ಸಡಿಲ ಬಿಟ್ಟೆ. ಲಾರಿ ಧೂಳೆಬ್ಬಿಸಿಕೊಂಡು ಬಂದು, ಮಾರು ದೂರದಲ್ಲಿ ಹಾದು ಹೋಯಿತು. ಕುದುರೆ ಎರಡು ಹೆಜ್ಜೆ ಅಡ್ಡ ಇಟ್ಟು ಮತ್ತೆ ನೇರವಾಯಿತು. ಹಿಂದಿನಿಂದ ಮಾವ ನಿಲ್ಲಿಸು ಎಂದರು.

ಇಳಿದು ಮೋರಿಯ ಕಟ್ಟೆಯ ಮೇಲೆ ಕೂತರು. ಆಮೇಲೆ ರಸ್ತೆ ನೋಡುತ್ತಲೇ ಹೇಳಿದರು. ಯುದ್ಧದ ಕಾಲವಂತೆ. ಪೆಟ್ರೋಲು ಸಿಗದೆ ಬಸ್ಸುಗಳ ಹಿಂದೆ ಇದ್ದಲಿನ ಒಲೆ ಕಟ್ಟಿ ಅದರ ಹೊಗೆಯಲ್ಲಿ ಓಡಿಸುತ್ತಿದ್ದ ಕಾಲ. ಆಗಲೂ ಮನೆಯಲ್ಲಿ ಕುದುರೆ ಗಾಡಿ ಇತ್ತು. ಹೆಂಡತಿಯನ್ನೂ ಮಗನನ್ನೂ ಕೂರಿಸಿಕೊಂಡು ಬರುವಾಗ, ಮುಂದಿನ ತಿರುವಿನ ಆಲದ ಮರದ ಹತ್ತಿರ, ಅಂಥ ಬಸ್ಸೊಂದು ಢಂ ಎಂದು ಸಿಡಿಯಿತಂತೆ. ಕುದುರೆ ಮುಂಗಾಲೆತ್ತಿ ಎದ್ದಿತು. ಹೆಂಡತಿ ಹಿಂದಕ್ಕೆ ಬಿದ್ದರು. ಮೈಲಿಗಲ್ಲಿಗೆ ತಲೆ ಬಡಿಯಿತು. ಆಸ್ಪತ್ರೆಯಲ್ಲಿ ಏಳು ದಿನ ಬದುಕಿದ್ದರು. ಕೊನೆಯ ಮೂರು ದಿನ ಜ್ವರವಿತ್ತು.

“ಜ್ವರ ಅಂತ ಹೇಳಿದ್ದು ಪೂರ್ತಿ ಸುಳ್ಳಲ್ಲ” ಎಂದರು. “ಬಸ್ಸು ಸಿಡಿದಾಗ ನಾನು ಲಗಾಮು ಬಿಟ್ಟಿದ್ರೆ ಅದು ಓಡ್ತಿತ್ತು ಅಷ್ಟೆ. ನಾನು ಎಳೆದೆ. ಎಳೆದಿದ್ದಕ್ಕೆ ಅದು ಎದ್ದಿತು” ಎಂದರು.

ಮಗನಿಗೆ ಇದು ಗೊತ್ತಿಲ್ಲ, ಏಳು ವರ್ಷದ ಮಗು, ಗಾಡಿಯ ಹುಲ್ಲಿನ ಮೇಲೆ ನಿದ್ದೆ ಮಾಡುತ್ತಿತ್ತು, ನೀನೂ ಹೇಳಬೇಡ ಎಂದರು. ಮತ್ತೆ ಕುದುರೆ ಯಾಕೆ ತಂದಿರಿ ಎಂದು ಕೇಳಿದೆ. ಅವರು ಮೊದಲ ಸಲ ನನ್ನ ಮುಖ ನೋಡಿದರು.

“ಎತ್ತಿನ ಗಾಡೀಲಿ ನಿನ್ನ ಕೂರಿಸ್ಕೊಂಡು ಹೋದ ದಿನ ಅಂದ್ಕೊಂಡೆ. ನನ್ನ ಹೆದರಿಕೆಗೆ ಎಷ್ಟು ಜೀವ ಕೊಡೋದು ಅಂತ.”

ಅಲ್ಲಿಂದ ಮನೆಯವರೆಗೆ ನಾನೇ ಗಾಡಿ ಹೊಡೆದೆ. ದೊಡ್ಡತ್ತೆ ನನ್ನ ಮುಖ ನೋಡಿದ ಕೂಡಲೇ ತಿಳಿದುಕೊಂಡರು. ನೀರು ತಂದುಕೊಟ್ಟು, ಹೇಳಿದನಾ ಎಂದಷ್ಟೇ ಕೇಳಿದರು.

ಅವತ್ತಿನಿಂದ ಲಗಾಮು ನನ್ನದಾಯಿತು. ಗೂಡು ಹೇರಿಕೊಂಡು ಶಿಡ್ಲಘಟ್ಟಕ್ಕೆ ಹೋದಾಗ ಮಾರುಕಟ್ಟೆಯ ಗಂಡಸರು ಕೆಲಸ ಬಿಟ್ಟು ನೋಡಿದರು. ಚಿಂತಾಮಣಿಯ ಬಜಾರಿನಲ್ಲಿ ತರಕಾರಿ ಲಾರಿಗಳ ನಡುವೆ, ಸೈಕಲ್ಲು, ಕೈಗಾಡಿ, ಕೂಗಾಟದ ನಡುವೆ ಕುದುರೆಯನ್ನು ನಡೆಸುವಾಗ ನನ್ನ ಕೈ ನಡುಗದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ನಡುಗಿದರೆ ಅದಕ್ಕೆ ತಿಳಿದುಬಿಡುತ್ತಿತ್ತು. ಕುದುರೆ ಮಾರಿದ ಸಾಬರು ಒಂದು ದಿನ ತಮ್ಮ ಜಟಕಾದಿಂದ ಇಳಿದು ಬಂದು ಅದರ ಕಾಲು, ಕಿವಿ, ಬಾಯಿ ಎಲ್ಲ ಪರೀಕ್ಷಿಸಿ, ಬಾಯಲ್ಲಿ ಗಾಯವಿಲ್ಲ ಎಂದು ಮೆಚ್ಚಿ ಹೋದರು. ಊರಲ್ಲಿ ಒಂದಿಷ್ಟು ದಿನ ಆಡಿಕೊಂಡರು. ಮಾವ ಹಿಂದೆ ಕೂತಿರುತ್ತಿದ್ದರಲ್ಲ, ಎದುರಿಗೆ ಯಾರೂ ಆಡಲಿಲ್ಲ. ಆಲದ ಮರದ ತಿರುವು ಬಂದಾಗ ಅವರು ಮುಖವನ್ನು ಹೊಲದ ಕಡೆ ತಿರುಗಿಸುತ್ತಿದ್ದರು.

ಗೂಡು ಸಾಗಿಸಲು ಕುದುರೆ ತಂದದ್ದಷ್ಟೇ ಗಂಡನಿಗೆ ಗೊತ್ತಿತ್ತು; ನಾನು ಗಾಡಿ ಹೊಡೆಯುವುದನ್ನು ಮಾತ್ರ ನಾವು ಯಾರೂ ಹೇಳಿರಲಿಲ್ಲ. ಅವರು ಹೊಲದ ಮೇಲೆ ಬರುತ್ತಿದ್ದುದರಿಂದ ಕಾಣುತ್ತಲೂ ಇರಲಿಲ್ಲ. ಒಂದು ಶನಿವಾರ ಮಧ್ಯಾಹ್ನವೇ ಬಂದುಬಿಟ್ಟರು. ನಾನು ಒಬ್ಬಳೇ ಗಾಡಿ ಹೊಡೆದುಕೊಂಡು ಊರೊಳಗೆ ಬರುವುದಕ್ಕೂ ಅವರು ಬದು ಇಳಿದು ದಾರಿಗೆ ಬರುವುದಕ್ಕೂ ಸರಿಹೋಯಿತು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಸಾಧು ಮನುಷ್ಯ, ಎಂದೂ ಏರುದನಿಯಲ್ಲಿ ಮಾತಾಡಿದವರಲ್ಲ. ಇಳಿ ಕೆಳಗೆ ಎಂದು ಬೀದಿಯಲ್ಲೇ ಕಿರುಚಿದರು.

ಮನೆಯ ಹಿತ್ತಲಲ್ಲಿ ಬಾವಿ ಕಟ್ಟೆಯ ಹತ್ತಿರ ನಿಲ್ಲಿಸಿಕೊಂಡು, ಇನ್ನು ಮೇಲೆ ಆ ಗಾಡಿ ಹತ್ತಬೇಡ ಎಂದರು. ಯಾಕೆ ಎಂದೆ. ಹತ್ತಬೇಡ ಅಂದರೆ ಹತ್ತಬೇಡ ಅಷ್ಟೆ. ಕಾರಣ ಹೇಳಿ ಎಂದು ನಾನೂ ಹಟ ಹಿಡಿದೆ. ಕುದುರೆ ಪಳಗಿದೆ, ಬಸ್ಸು ಲಾರಿ ಯಾವುದಕ್ಕೂ ಹೆದರುವುದಿಲ್ಲ ಎಂದೆ. ಅವರು ಬಾವಿಯ ಹಗ್ಗ ಹಿಡಿದುಕೊಂಡು ನಿಂತಿದ್ದರು.

“ನಮ್ಮಮ್ಮ ಸತ್ತಿದ್ದು ಜ್ವರದಿಂದ ಅಲ್ಲ” ಎಂದರು. “ನಾನು ಅವತ್ತು ನಿದ್ದೆ ಮಾಡ್ತಿರಲಿಲ್ಲ.”

ನಾನು ಕಟ್ಟೆಯ ಮೇಲೆ ಕೂತೆ. ಅವರು ಹೇಳುತ್ತ ಹೋದರು. ಹುಲ್ಲಿನ ಮೇಲೆ ಸುಮ್ಮನೆ ಮಲಗಿದ್ದೆ, ಸದ್ದು ಕೇಳಿ ತಲೆ ಎತ್ತಿದೆ. ಅಮ್ಮ ಬೀಳುವುದನ್ನು ನೋಡಿದೆ. ಕಲ್ಲು ನೋಡಿದೆ. ಆಮೇಲೆ ಅಪ್ಪ, ಮಗು ನೋಡಿಬಿಟ್ಟಿತೇ ಎಂದು ನನ್ನ ಕಡೆ ತಿರುಗಿದ. ಆ ಮುಖ ನೋಡಿ ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚಿದ ಕಣ್ಣು ಆಮೇಲೆ ತೆರೆಯಲಾಗಲಿಲ್ಲ. ಜ್ವರ ಅಂದರು, ಹ್ಞೂಂ ಅಂದೆ. ಅಪ್ಪನಿಗೆ ಗೊತ್ತಾದರೆ ಒಡೆದುಹೋಗುತ್ತಾನೆ, ನೀನು ಹೇಳಬೇಡ.

ಹದಿನೇಳು ವರ್ಷ. ಒಂದೇ ಮನೆ, ಒಂದೇ ಪಂಕ್ತಿಯಲ್ಲಿ ಊಟ. ಒಬ್ಬರಿಗೊಬ್ಬರು ಜ್ವರದ ಕಥೆ ಕಾಪಾಡಿಕೊಂಡು ಬಂದಿದ್ದರು. ಬಸ್ಸು ಬಿಟ್ಟು ರೈಲಿಗೇ ಯಾಕೆ ಬರುತ್ತಿದ್ದರು, ಆ ರಸ್ತೆಗೆ ಯಾಕೆ ಕಾಲಿಡುತ್ತಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಇಬ್ಬರಿಗೂ ನಾನು ಮಾತು ಕೊಟ್ಟಿದ್ದೆ. ಅನ್ನ ಬಡಿಸುವಾಗ ಇಬ್ಬರ ಮುಖವನ್ನೂ ನೋಡಲಾಗದೆ ಎಲೆ ನೋಡಿ ಬಡಿಸುತ್ತಿದ್ದೆ.

ಎರಡು ತಿಂಗಳು ಹೀಗೆ ಕಳೆಯಿತು; ಗಂಡ ಊರಲ್ಲಿಲ್ಲದ ದಿನಗಳಲ್ಲಿ ನಾನು ಗಾಡಿ ಹೊಡೆಯುತ್ತಲೇ ಇದ್ದೆ. ಅಷ್ಟರಲ್ಲಿ ನನಗೆ ಮತ್ತೆ ದಿನ ನಿಂತಿತ್ತು. ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿಕೊಂಡು ಬರಬೇಕೆಂದು ದೊಡ್ಡತ್ತೆ ಹೇಳಿದರು. ನನಗೆ ಇನ್ನು ಹೊರಲಾಗಲಿಲ್ಲ, ದೊಡ್ಡತ್ತೆಗೆ ಹೇಳಿಬಿಟ್ಟೆ. ಮಗುವೂ ನೋಡಿತ್ತು ಎಂದು ಕೇಳಿ ಅವರು ಸೆರಗು ಬಾಯಿಗೆ ಹಿಡಿದುಕೊಂಡು ಗೋಡೆಗೆ ಒರಗಿದರು. ಕೊನೆಗೆ, ಮೂವರೂ ಗಾಡಿಯಲ್ಲಿ ಹೋಗಿ ಎಂದರು. ಗಂಡನಿಗೂ ಮಾವನಿಗೂ ಅವರೇ ಬೇರೆ ಬೇರೆಯಾಗಿ ಹೇಳಿದರು. ಬಸುರಿ ಒಬ್ಬಳೇ ಗಾಡಿ ಹೊಡೆದುಕೊಂಡು ಹೋಗುತ್ತಾಳಾ ಎಂದು ಗಂಡನನ್ನು ದಬಾಯಿಸಿದರು. ಅವರು ಬರಲೇಬೇಕಾಯಿತು.

ನಾನು ಮುಂದೆ. ಅವರಿಬ್ಬರೂ ಹಿಂದೆ, ಎದುರುಬದುರು. ರಸ್ತೆಗೆ ಬಂದ ಮೇಲೆ ಹಿಂದಿನಿಂದ ಒಂದು ಸದ್ದೂ ಇಲ್ಲ. ಕೆರೆ ಏರಿ ದಾಟಿತು. ಆಲದ ಮರ ಕಾಣಿಸಿತು. ಅದೇ ಹೊತ್ತಿಗೆ ತಿರುವಿನಲ್ಲಿ ಬಸ್ಸು ಬಂತು. ನನಗೆ ಹಿಂತಿರುಗಿ ನೋಡುವ ಹಾಗಿರಲಿಲ್ಲ. ಲಗಾಮು ಸಡಿಲವಾಗಿರಲಿ ಎಂದು ಅದರ ಮೇಲೇ ಜೀವ ಇಟ್ಟಿದ್ದೆ. ಬಸ್ಸು ಹಾದುಹೋಯಿತು. ಕುದುರೆ ನಡೆಯುತ್ತಲೇ ಇತ್ತು. ಧೂಳು ಅಡಗುವ ಮುಂಚೆ ಮಾವನ ದನಿ ಕೇಳಿಸಿತು.

“ನೀನು ಅವತ್ತು ನಿದ್ದೆ ಮಾಡ್ತಿರಲಿಲ್ವೇನೋ?”

ಮಾವನಿಗೆ ನಾನು ಹೇಳಿರಲಿಲ್ಲ, ದೊಡ್ಡತ್ತೆಯೂ ಹೇಳಿರಲಿಲ್ಲ. ಆಮೇಲೆ ಗೊತ್ತಾಯಿತು: ಬಸ್ಸು ಬಂದಾಗ ಗಂಡ ಎರಡೂ ಕೈ ಚಾಚಿ ನನ್ನ ಬೆನ್ನ ಹಿಂದೆ, ಬಿದ್ದರೆ ಹಿಡಿಯುವ ಹಾಗೆ ಒಡ್ಡಿದ್ದರಂತೆ. ಮಾವನೂ ಅದೇ ಹೊತ್ತಿಗೆ ಕೈ ಒಡ್ಡಿದ್ದರಂತೆ. ಇಬ್ಬರ ಕೈಯೂ ತಗುಲಿದವಂತೆ.

“ಇಲ್ಲಪ್ಪ” ಎಂದರು ಗಂಡ.

“ಎಳೆದಿದ್ದು ನಾನು ಕಣೋ.”

“ಅದೂ ನೋಡಿದೀನಪ್ಪ.”

ನಾನು ಗಾಡಿ ನಿಲ್ಲಿಸಿದೆ. ನಿಲ್ಲಿಸು ಎಂದು ಯಾರೂ ಹೇಳಲಿಲ್ಲ, ನನಗೇ ಮುಂದೆ ಹೊಡೆಯಲಾಗಲಿಲ್ಲ. ಎಳೆದದ್ದನ್ನೂ ನೋಡಿದ್ದ ಮಗು, ಅಷ್ಟು ವರ್ಷ ಆ ಅಪ್ಪನ ಬೆರಳು ಹಿಡಿದುಕೊಂಡೇ ಓಡಾಡಿತ್ತಲ್ಲ ಎಂದು ನೆನೆದು ನನಗೆ ಅಳುವೂ ಬರಲಿಲ್ಲ. ಮಾವ ಇಳಿದು ಮರದ ಹಿಂದೆ ಹೋದರು. ಗಂಡ ಸ್ವಲ್ಪ ತಡೆದು ಹಿಂದೆಯೇ ಹೋದರು. ಕುದುರೆ ರಸ್ತೆ ಬದಿಯ ಗರಿಕೆ ಮೇಯುತ್ತ ನಿಂತಿತು. ಎಷ್ಟು ಹೊತ್ತೋ. ಎರಡು ಲಾರಿ ಹಾದುಹೋದವು. ಅವರು ವಾಪಸು ಬಂದು ಕೂತಾಗ ಇಬ್ಬರ ಕಣ್ಣೂ ಕೆಂಪಾಗಿದ್ದವು. ಹೊತ್ತಾಯಿತು ಹೊಡಿಯಮ್ಮ ಎಂದರು ಮಾವ.

ಆಸ್ಪತ್ರೆಯಿಂದ ಬರುವಾಗ ಮಾವ ಹೆಂಡತಿಯ ಕೊನೆಯ ಏಳು ದಿನದ ಸಂಗತಿ ಹೇಳಿದರು. ಏನು ತಿಂದರು, ಏನು ಬೇಡವೆಂದರು, ಮಗನ ಜುಟ್ಟು ಕಟ್ಟಲು ಹೊಸ ಟೇಪು ತರಬೇಕೆಂದು ಎಷ್ಟು ಸಲ ಹೇಳಿದರು. ಗಂಡ ಅಲ್ಲಲ್ಲಿ ತಡೆದು ಕೇಳುತ್ತಿದ್ದರು. ನಾನು ಮುಂದೆ ಕೂತು, ನೋಡದ ಅತ್ತೆಯ ಮಾತುಗಳನ್ನು ಮೊದಲ ಸಲ ಕೇಳಿಸಿಕೊಂಡೆ.

ನನಗೆ ನೋವು ಬಂದದ್ದು ಒಂದು ಬೆಳಿಗ್ಗೆ, ಗಂಡ ರಜ ಹಾಕಿ ಊರಲ್ಲೇ ಇದ್ದಾಗ. ಗಾಡಿ ಹೊಡೆದವರು ಅವರೇ. ಎರಡು ವಾರ ನಾನು ಹೇಳಿಕೊಟ್ಟಿದ್ದೆ. ದೊಡ್ಡತ್ತೆಯ ತೊಡೆಯ ಮೇಲೆ ಮಲಗಿಕೊಂಡು, ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ, ಸಡಿಲ ಬಿಡಿ, ಸಡಿಲ ಬಿಡಿ ಎಂದು ಕೂಗುತ್ತಿದ್ದೆ. ಕುದುರೆ ಎಲ್ಲೂ ನಿಲ್ಲಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಮಗಳು ಹುಟ್ಟಿದಳು. ಅತ್ತಳು. ಆ ಅಳು ಕೇಳುವವರೆಗೆ ನಾನು ನಂಬಿರಲಿಲ್ಲ.

ಗಾಡಿಯಲ್ಲಿ ಜಾಗ ಸಾಲದೆ ಮಾವ ಊರಲ್ಲೇ ಉಳಿದಿದ್ದರು. ಸುದ್ದಿ ಮುಟ್ಟಿಸಲು ಗಂಡ ಹೊರಡುವುದರಲ್ಲಿದ್ದರು. ಅಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ಮಾವ ನಿಂತಿದ್ದರು. ತಲೆಗೆ ರುಮಾಲು, ಅಂಗಿಯೆಲ್ಲ ಕೆಂಪು ಧೂಳು. ನಡೆದು ಬಂದಿರಾ ಎಂದು ಗಂಡ ಗಾಬರಿಯಿಂದ ಕೇಳಿದರು. ಮಾವ ಮುಷ್ಟಿ ಬಿಡಿಸಿದರು. ಬೆವರಿನಲ್ಲಿ ಮುದ್ದೆಯಾದ ಬಸ್ ಟಿಕೆಟ್ಟು. ಅವರ ಜೀವಮಾನದಲ್ಲಿ ಅದೇ ಮೊದಲ ಬಸ್ಸು. ನಾವು ಮೂವರೂ ಬಾಯಿ ತೆರೆದುಕೊಂಡು ನೋಡುತ್ತ ಉಳಿದೆವು.

ಅವರು ಮಗುವಿನ ಹತ್ತಿರ ಬಂದು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು.

“ಡ್ರೈವರ್ ಪಕ್ಕದಲ್ಲೇ ಕೂತಿದ್ದೆ” ಎಂದರು ನಮ್ಮ ಕಡೆ ತಿರುಗದೆ. “ದಾರೀಲಿ ಗಾಡಿ ಸಿಕ್ಕಾಗೆಲ್ಲ, ಹಾರನ್ ಹೊಡೀಬೇಡಪ್ಪ, ನಿಧಾನಕ್ಕೆ ಹೋಗು ಅಂದೆ. ಪಾಪ, ಕೇಳ್ದ.”